ಕನ್ನಡಿಯ ಕೆಳಗಿನ ರಬ್ಬರು

ಬೆಟ್ಟದ ಮೇಲಿನ ನಮ್ಮ ಎಲ್ ಆಲ್ತೊ ಊರಿನಲ್ಲಿ ಮಿನಿಬಸ್ಸಿನ ಪಕ್ಕದ ಕನ್ನಡಿ ಎಂದರೆ ಜಾತ್ರೆಯ ನೂಕಾಟದಲ್ಲಿ ಚಾಚಿದ ಮೊಣಕೈ ಇದ್ದ ಹಾಗೆ. ಮೊದಲ ಏಟು ಬೀಳುವುದು ಅದಕ್ಕೇ. ಇಲಾರಿಯೋನ್ ಲಿಮಾಚಿಯ ಗಾಡಿಯ ಎಡಗಡೆ ಕನ್ನಡಿಯನ್ನು ಒಂದು ಬುಧವಾರ ಬೆಳಿಗ್ಗೆ ಸೇಹಾ ಚೌಕದಲ್ಲಿ ಇನ್ನೊಂದು ಮಿನಿಬಸ್ಸು ಕಿತ್ತುಕೊಂಡು ಹೋಯಿತು. ಕಿತ್ತವನು ಕಿಟಕಿಯಿಂದ ಕೈ ಹೊರಹಾಕಿ, ತಪ್ಪಾಯಿತು ಎಂಬಂತೆ ಬೀಸಿದ. ನಿಲ್ಲಿಸಲಿಲ್ಲ. ನಿಲ್ಲಿಸಲು ಅಲ್ಲಿ ಜಾಗವೂ ಇರಲಿಲ್ಲ.

ಮಾರನೆಯ ದಿನ ಗುರುವಾರದ ಸಂತೆ. ಹಳೇ ಗಾಡಿಗಳ ಬಾಗಿಲು, ಬಾನೆಟ್ಟು, ಹೆಡ್‌ಲೈಟುಗಳನ್ನು ನೆಲದ ಮೇಲೆ ಹರಡಿ ಕೂರುವವರ ಸಾಲಿನಲ್ಲಿ ಇಲಾರಿಯೋನ್ ಒಂದು ಕನ್ನಡಿ ಆರಿಸಿದ. ಮನೆಗೆ ತಂದು ತಾನೇ ಕೂರಿಸಿದ. ಮೂರು ಬೋಲ್ಟಿನ ಕೆಲಸ. ಹಳೆಯದರ ಮುರಿದ ಬುಡವನ್ನು ಬಿಚ್ಚಿದಾಗ ಅದರ ಕೆಳಗೆ ಲಾರಿ ಟೈರಿನಿಂದ ಕೊಯ್ದ ದಪ್ಪ ರಬ್ಬರಿನ ತುಂಡೊಂದು ಸಿಕ್ಕಿತು. ಮೂರು ಪದರ. ತಂತಿ ಸುತ್ತಿ ಬಿಗಿದಿದ್ದರು. ಜಿಡ್ಡು, ಧೂಳು ಮೆತ್ತಿಕೊಂಡು ಸತ್ತ ಹೆಗ್ಗಣದ ಹಾಗಿತ್ತು.

“ನೋಡು, ಎಂಥಾ ದರಿದ್ರ ಕೆಲಸಗಾರ ಇವನು,” ಎಂದು ಹೆಂಡತಿ ಬಾಸಿಲಿಯಾಗೆ ತೋರಿಸಿ ಅಂಗಳಕ್ಕೆ ಎಸೆದ. “ಕನ್ನಡಿಗೆ ಯಾರಾದ್ರೂ ಟೈರ್ ಕಟ್ತಾರಾ?”

ಅವನಿಗೆ ಆ ಮಾತಾಡುವ ಹಕ್ಕಿತ್ತು. ಮಿನಿಬಸ್ಸು ಕೊಳ್ಳುವ ಮೊದಲು ಹನ್ನೊಂದು ವರ್ಷ ಅವನು ಓರೂರೊ ರಸ್ತೆಯ ಗ್ಯಾರೇಜ್ ಅಂಗಳವೊಂದರಲ್ಲಿ ಗಾಡಿಗಳ ಸ್ಟೀರಿಂಗ್ ಬದಿ ತಿರುಗಿಸುವ ಕೆಲಸ ಮಾಡಿದವನು. ಜಪಾನಿನವರು ಬಲಗಡೆ ಕೂತು ಓಡಿಸಿ, ಸಾಕಾಗಿ ಬಿಸಾಕಿದ ಗಾಡಿಗಳು ಹಡಗಿನಲ್ಲಿ ಸಮುದ್ರ ದಾಟಿ, ಲಾರಿಯ ಮೇಲೆ ಬೆಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು. ಇಲ್ಲಿ ಚಾಲಕ ಕೂರಬೇಕಾದದ್ದು ಎಡಗಡೆ. ಆದ್ದರಿಂದ ಸ್ಟೀರಿಂಗು, ಪೆಡಲು ಎಲ್ಲವನ್ನೂ ಬಲದಿಂದ ಕಿತ್ತು ಎಡಕ್ಕೆ ಕೂರಿಸುವ ಅಂಗಳಗಳು ಹುಟ್ಟಿಕೊಂಡವು. ಶ್ರೀಮಂತ ದೇಶದವರಿಗೆ ಕಸ ಸಾಗಿಸುವ ಖರ್ಚು ಉಳಿಯಿತು, ನಮ್ಮವರಿಗೆ ಉದ್ಯೋಗ ಸಿಕ್ಕಿತು ಎಂದು ಆಗಿನ ಅಧಿಕಾರಿಗಳು ರಿಬ್ಬನ್ ಕತ್ತರಿಸಿ ಭಾಷಣ ಮಾಡಿದ್ದರು. ಆಮೇಲೆ ಅದೇ ಕೆಲಸವನ್ನು ಕಾನೂನಿಗೆ ವಿರುದ್ಧ ಎಂದು ಮುಚ್ಚಿಸಿದರು. ತಿರುಗಿಸಿದ ಗಾಡಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಊರು ಓಡಾಡುತ್ತಿದ್ದದ್ದೇ ಅವುಗಳಲ್ಲಿ.

ಇಲಾರಿಯೋನ್‌ನ ಮಿನಿಬಸ್ಸೂ ಅಂಥದ್ದೇ. ಅಂಗಳ ಮುಚ್ಚಿದ ಮೇಲೆ ಕೈಗೆ ಬಂದದ್ದನ್ನೆಲ್ಲ ಸುರಿದು ಇನ್ನೊಬ್ಬ ಚಾಲಕನಿಂದ ಕೊಂಡಿದ್ದ. ಹದಿನಾಲ್ಕು ಸೀಟು. ಅವನು ಓಡಿಸುತ್ತಾನೆ. ಬಾಸಿಲಿಯಾ ಜಾರುವ ಬಾಗಿಲ ಬಳಿಯ ಮಡಚುವ ಸೀಟಿನಲ್ಲಿ, ಏಳು ಪದರದ ಲಂಗ ಹರಡಿಕೊಂಡು ಕೂತು, ಇಳಿಜಾರಿನುದ್ದಕ್ಕೂ ಊರುಗಳ ಹೆಸರು ಕೂಗುತ್ತಾಳೆ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳ ದನಿ ಒಡೆದು ತಗಡಿನಂತಾಗಿದೆ.

ಹೊಸ ಕನ್ನಡಿ ಶುಕ್ರವಾರ ಬೆಳಿಗ್ಗೆಯೇ ನಡುಗಲು ಶುರುಮಾಡಿತು.

ನಿಂತಾಗ ಸಣ್ಣಗೆ. ಎರಡನೇ ಗೇರಿಗೆ ಬಂದರೆ ಚಳಿಜ್ವರ ಬಂದವರ ಹಾಗೆ. ಹಿಂದಿನ ಗಾಡಿ ಒಂದಿದ್ದದ್ದು ಎರಡಾಗಿ, ಎರಡು ಕಲಸಿ ಬರೀ ಬಣ್ಣವಾಗುತ್ತಿತ್ತು. ಇಲಾರಿಯೋನ್ ಗಾಡಿ ನಿಲ್ಲಿಸಿದಲ್ಲೆಲ್ಲ ಇಳಿದು ಬೋಲ್ಟು ಬಿಗಿದ. ವಾಷರ್ ಹಾಕಿದ. ಗಾಜನ್ನು ತೆಗೆದು ಅದರ ಹಿಂದಿನ ಕೊಕ್ಕೆಗಳು ಸರಿಯಾಗಿ ಕೂತಿವೆಯೋ ಎಂದು ನೋಡಿ ಮತ್ತೆ ಒತ್ತಿದ. ಸಂದಿಗೆ ರಟ್ಟು ತುರುಕಿದ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಕಿಟಕಿಯಿಂದ ಎಡಗೈ ಹೊರಹಾಕಿ, ಕನ್ನಡಿಯನ್ನು ಹಿಡಿದುಕೊಂಡೇ ಓಡಿಸತೊಡಗಿದ. ನಾಲ್ಕು ಸಾವಿರ ಮೀಟರ್ ಎತ್ತರದ ಗಾಳಿಗೆ ಬೆರಳುಗಳು ಕಟ್ಟಿಗೆಯಾದವು.

“ಏನ್ ಮೇಸ್ತ್ರಿ, ಕನ್ನಡಿ ಓಡಿಹೋಗುತ್ತೆ ಅಂತ ಕೈ ಹಿಡ್ಕೊಂಡಿದೀಯಾ?” ಎಂದಳು ಹಿಂದಿನ ಸೀಟಿನ ಈರುಳ್ಳಿ ಮಾರುವವಳು.

“ಹೆಂಡತಿ ಕೈ ಹಿಡ್ದು ಇಷ್ಟು ವರ್ಷ ಆಯ್ತು, ಈಗ ಕನ್ನಡಿ ಸರದಿ,” ಎಂದ ಇನ್ನೊಬ್ಬ.

“ನನ್ನ ಕೈನ ಇಷ್ಟು ಬಿಗಿಯಾಗಿ ಯಾವತ್ತೂ ಹಿಡಿದಿಲ್ಲ ಬಿಡಿ,” ಎಂದಳು ಬಾಸಿಲಿಯಾ. ಗಾಡಿಯಿಡೀ ನಕ್ಕಿತು. ಇಲಾರಿಯೋನ್ ನಗಲಿಲ್ಲ.

ಬಾಸಿಲಿಯಾಳಿಗೆ ಕಾರಣ ಗೊತ್ತಿತ್ತು. ಅದು ಸತ್ತವನ ಕನ್ನಡಿ. ಸಂತೆಯಲ್ಲಿ ಬಿಡಿಭಾಗವಾಗಿ ಬರುವ ಗಾಡಿಗಳೆಲ್ಲ ಎಲ್ಲೋ ಕಂದಕಕ್ಕೆ ಬಿದ್ದಂಥವು. ಕೊನೆಯ ಗಳಿಗೆಯಲ್ಲಿ ಅದರ ಯಜಮಾನ ನೋಡಿದ್ದು ಇದೇ ಕನ್ನಡಿಯನ್ನು. ಅವನ ಹೆದರಿಕೆ ಇನ್ನೂ ಇಳಿದಿಲ್ಲ. ಮೇಲಾಗಿ ಹೊಸ ಸಾಮಾನು ಗಾಡಿಗೆ ಬಂದಾಗ ಭೂತಾಯಿ ಪಾಚಮಾಮಾಗೆ ಮೊದಲ ಗುಟುಕು ಚೆಲ್ಲಬೇಕಾಗಿತ್ತು. ಈ ಮನುಷ್ಯ ಬೋಲ್ಟು ಬಿಗಿದ ಮೇಲೆ ಕೈ ಒರೆಸಿಕೊಂಡು ಉಣ್ಣಲು ಕೂತ.

ಆದ್ದರಿಂದ ಮಂಗಳವಾರ ಮುಂಜಾನೆ, ಗಾಡಿ ಹೊರಡುವ ಮುಂಚೆ, ಬಾಸಿಲಿಯಾ ಕನ್ನಡಿಯ ತೋಳಿಗೆ ಬಣ್ಣದ ಕಾಗದದ ಸುರುಳಿ ಸುತ್ತಿದಳು. ಹಳದಿ ಹೂವಿನ ಎಸಳು ಎರಚಿದಳು. ಬಿಯರ್ ಬಾಟಲಿಯನ್ನು ಕುಲುಕಿ ನಾಲ್ಕೂ ಚಕ್ರಕ್ಕೆ, ಆಮೇಲೆ ಕನ್ನಡಿಗೆ ಚಿಮ್ಮಿಸಿದಳು.

“ಯಾರದ್ದೋ ಏನೋ, ಹೆಸರು ಗೊತ್ತಿಲ್ಲಪ್ಪಾ,” ಎಂದು ಕನ್ನಡಿಯ ಜೊತೆ ಮಾತಾಡಿದಳು. “ನಿನ್ನ ದಾರಿ ಮುಗೀತು. ನಮ್ಮದು ಇನ್ನೂ ಇದೆ. ಸುಮ್ನಿರು.”

ಇಲಾರಿಯೋನ್ ಟೊಪ್ಪಿ ತೆಗೆದು ನಿಂತಿದ್ದ. ಅವನು ನಂಬದವನೇನಲ್ಲ. ಬೋಲ್ಟಿನಿಂದ ಆಗದ್ದು ಬಿಯರಿನಿಂದ ಆದರೆ ಆಗಲಿ ಎಂದು ಮನಸಾರೆ ಬೇಡಿಕೊಂಡ. ಇಂಜಿನ್ ಶುರುಮಾಡಿದ. ಕನ್ನಡಿಯ ಮೇಲಿನ ನೊರೆ ನಡುಗುತ್ತಾ ಕೆಳಗಿಳಿಯಿತು. ಕಾಗದದ ಸುರುಳಿಯೂ ಈಗ ಜೊತೆಗೆ ನಡುಗತೊಡಗಿತು.

ಆ ವಾರವೇ ಗುರುವಾರ ಮಧ್ಯಾಹ್ನ, ಕೆಳಗಿನ ಲಾ ಪಾಸ್ ನಗರದ ಕಡೆಗಿಳಿಯುವ ತಿರುವಿನಲ್ಲಿ, ಎಡಕ್ಕೆ ಸರಿಯುವ ಮುಂಚೆ ಇಲಾರಿಯೋನ್ ಕನ್ನಡಿ ನೋಡಿದ. ಕಂಡದ್ದು ಕಲಸಿದ ಬಣ್ಣ. ರಸ್ತೆ ಖಾಲಿ ಎಂದುಕೊಂಡು ಸರಿದ. ಬಣ್ಣದೊಳಗೆ ಒಂದು ಮೋಟರ್‌ಬೈಕ್ ಇತ್ತು. ಅದರ ಮೇಲೆ ಗಂಡ, ಹೆಂಡತಿ, ಹೆಂಡತಿಯ ಬೆನ್ನಿನ ಗಂಟಿನಲ್ಲಿ ಕೂಸು. ಬೈಕಿನವನು ತಡೆಗೋಡೆಗೆ ಒರಗಿ, ಕಾಲೂರಿ, ಹೇಗೋ ಬೀಳದೆ ನಿಂತ. ಅವನು ಬೈದ ಬೈಗುಳವನ್ನು ಹದಿನಾಲ್ಕು ಜನರೂ ಕೇಳಿಸಿಕೊಂಡರು. ಯಾರೂ ನಗಲಿಲ್ಲ. ಈರುಳ್ಳಿಯವಳು ಮೆಲ್ಲಗೆ, “ಮುಂದಿನ ಮೂಲೇಲಿ ಇಳೀತೀನಿ ಮೇಸ್ತ್ರಿ,” ಎಂದಳು. ಅವಳ ಮಾರುಕಟ್ಟೆ ಇನ್ನೂ ಎರಡು ಮೈಲಿ ದೂರವಿತ್ತು.

ಭಾನುವಾರ ಅವನು ಗಾಡಿ ಹೊರಡಿಸಲಿಲ್ಲ. ಬಾಸಿಲಿಯಾಳನ್ನು ಚಾಲಕನ ಸೀಟಿನಲ್ಲಿ ಕೂರಿಸಿದ.

“ಆಕ್ಸಿಲೇಟರ್ ಒತ್ತು.”

“ಎಷ್ಟು?”

“ಸ್ವಲ್ಪ.”

ಇಂಜಿನ್ ಅರಚಿತು. “ಸ್ವಲ್ಪ ಅಂದೆ! ಆಲೂಗಡ್ಡೆ ತುಳೀತಿದೀಯಾ?”

“ಆಲೂಗಡ್ಡೆ ತುಳಿಯೋಕಾದ್ರೆ ನಿನ್ನನ್ನ ಕೇಳ್ತಿರ್ಲಿಲ್ಲ ಇಲಾರಿಯೋನ್. ಒಣಗಿಸೋಕೆ ಅಂತ ಮಂಜಲ್ಲಿಟ್ಟ ಆಲೂಗಡ್ಡೆ ತುಳಿದು ತುಳಿದೇ ಬೆಳೆದ ಕಾಲು ಇದು. ನಿನ್ನ ಕೆಲಸ ನೋಡು.”

ಅವನು ಅಂಗೈಯನ್ನು ಕನ್ನಡಿಯ ಮೇಲಿಟ್ಟ. ನಡುಕ. ತೋಳಿನ ಮೇಲಿಟ್ಟ. ನಡುಕ. ಬಾಗಿಲಿನ ಮೇಲಿಟ್ಟ, ಅಲ್ಲೂ. ಬಾಗಿಲು ತೆರೆದು, ಅದು ನೇತಾಡುವ ಕಂಬಕ್ಕೆ ಕೈ ತಾಗಿಸಿದ. ಅಲ್ಲಿ ಇನ್ನೂ ಜಾಸ್ತಿ. ಬಲಗಡೆ ಕಂಬಕ್ಕೆ ಹೋಗಿ ಮುಟ್ಟಿದ. ಅದು ಮಲಗಿದ ಹಸುವಿನ ಹಾಗೆ ಶಾಂತವಾಗಿತ್ತು.

ಕನ್ನಡಿಯ ತಪ್ಪೇ ಅಲ್ಲ. ಎಡಕಂಬವೇ ನಡುಗುತ್ತಿತ್ತು, ಕನ್ನಡಿ ಅದನ್ನು ಬಾಯಿಬಿಟ್ಟು ಹೇಳುತ್ತಿತ್ತು, ಅಷ್ಟೆ.

“ಸಾಕು, ಆಫ್ ಮಾಡು,” ಎಂದ. ಅವನ ದನಿ ಕೇಳಿ ಬಾಸಿಲಿಯಾ ತಿರುಗಿ ನೋಡಿದಳು.

ಅವನಿಗೆ ಮುಂದಿನದ್ದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಒಂದು ವಾರ ಬೋಲ್ಟು, ವಾಷರ್, ಬಿಯರ್ ಎಂದು ಹೊರಗಡೆಯೇ ಸುತ್ತಾಡಿದ್ದ. ಡ್ಯಾಶ್‌ಬೋರ್ಡಿನ ಒಳಗೆ ಎಡಕಂಬದಿಂದ ಬಲಕಂಬದವರೆಗೆ ಒಂದು ಅಡ್ಡಕೊಳವೆ ಇರುತ್ತದೆ. ಎರಡು ಕಂಬಗಳನ್ನು ಹಿಡಿದಿಡುವುದು ಅದೇ. ಸ್ಟೀರಿಂಗ್ ಜೋತುಬಿದ್ದಿರುವುದೂ ಅದಕ್ಕೇ. ಸ್ಟೀರಿಂಗನ್ನು ಬಲದಿಂದ ಎಡಕ್ಕೆ ತರಬೇಕಾದರೆ ಆ ಕೊಳವೆಯನ್ನು ಕತ್ತರಿಸಿ, ತಿರುವಿ, ಮತ್ತೆ ಬೆಸೆಯಬೇಕು. ಸುತ್ತಲೂ ತುಂಬು ಬೆಸುಗೆ ಹಾಕಿ, ಉಜ್ಜಿ, ಮತ್ತೊಂದು ಸುತ್ತು ಹಾಕಿದರೆ ಒಂದು ಗಾಡಿಗೆ ಒಂದು ದಿನ ಹಿಡಿಯುತ್ತದೆ. ಅಂಗಳದ ಮೇಲ್ವಿಚಾರಕನಿಗೆ ದಿನಕ್ಕೆ ನಾಲ್ಕು ಗಾಡಿ ಬೇಕಿತ್ತು.

ನಾಲ್ಕು ಹೇಗೆ ಆಗುತ್ತಿತ್ತು ಎಂದರೆ, ಸುತ್ತಲೂ ಬೆಸೆಯುವ ಬದಲು ನಾಲ್ಕು ಚುಕ್ಕೆ ಇಡುತ್ತಿದ್ದರು. ಉಳಿದ ಸಂದಿಗೆ ಬಟ್ಟೆ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಒಣಗುವ ಮೊದಲೇ ಕಪ್ಪು ಬಣ್ಣ ಹೊಡೆಯುತ್ತಿದ್ದರು. “ಬಣ್ಣ ಬಿದ್ಮೇಲೆ ಎಲ್ಲಾ ಕಬ್ಬಿಣಾನೇ ಕಣ್ರೋ,” ಎನ್ನುತ್ತಿದ್ದ ಮೇಲ್ವಿಚಾರಕ. ಎಂಟು ಜನ ಕೆಲಸಗಾರರು. ಎಂಟೂ ಜನರ ಹೆಂಡತಿಯರು ರೊಟ್ಟಿ ಕಟ್ಟಿಕೊಡುತ್ತಿದ್ದದ್ದು ಹಿಟ್ಟಿನ ಚೀಲದ ಬಟ್ಟೆಯಲ್ಲಿ. ರೊಟ್ಟಿ ಹೊಟ್ಟೆಗೆ, ಬಟ್ಟೆ ಸಂದಿಗೆ.

ಡ್ಯಾಶ್‌ಬೋರ್ಡು ಬಿಚ್ಚುವ ಹೊತ್ತಿಗೆ ಮಧ್ಯಾಹ್ನವಾಯಿತು. ಇಲಾರಿಯೋನ್ ಬೆನ್ನ ಮೇಲೆ ಮಲಗಿ, ಪೆಡಲುಗಳ ನಡುವೆ ತಲೆ ತೂರಿಸಿ, ಕೊಳವೆಯ ಎಡತುದಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದ. ಬಣ್ಣ ಎದ್ದಿತು. ಪುಟ್ಟಿ ಹಾಳು ಗೋಡೆಯ ಗಾರೆಯ ಹಾಗೆ ಅವನ ಮುಖದ ಮೇಲೆ ಉದುರಿತು. ಆಮೇಲೆ ಬಟ್ಟೆಯ ಅಂಚು ಕಂಡಿತು. ಎರಡು ಬೆರಳಲ್ಲಿ ಹಿಡಿದು ಎಳೆದ. ಉದ್ದಕ್ಕೆ ಬಂತು. ಎಣ್ಣೆ ಕುಡಿದು ಕಪ್ಪಾಗಿತ್ತು. ಒಂದು ಕಡೆ ಗೋಧಿ ತೆನೆಯ ಚಿತ್ರದ ಚೂರು ಇನ್ನೂ ಕಾಣುತ್ತಿತ್ತು. ನಾಲ್ಕು ಚುಕ್ಕೆಗಳಲ್ಲಿ ಎರಡು ಬಿಟ್ಟುಹೋಗಿದ್ದವು. ಮೂರನೆಯದು ಸೀಳಿತ್ತು. ಅವನ ಸ್ಟೀರಿಂಗು, ಬಾಸಿಲಿಯಾಳ ಜೀವ, ಹದಿನಾಲ್ಕು ಜನ, ಎಲ್ಲ ಕಡಲೆ ಗಾತ್ರದ ಒಂದು ಚುಕ್ಕೆಗೆ ನೇತುಬಿದ್ದಿದ್ದವು.

ಬಾಸಿಲಿಯಾ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದಳು.

“ಇದು ನಂದಾ?”

“ಗೊತ್ತಿಲ್ಲ.”

“ನಾನು ಕಟ್ಟಿಕೊಟ್ಟದ್ದಾ ಅಂತ ಕೇಳ್ದೆ.”

“ಗೊತ್ತಿಲ್ಲ ಅಂದ್ನಲ್ಲ! ಎಂಟು ಜನ ಇದ್ವಿ. ಎಲ್ರದ್ದೂ ಇದೇ ಚೀಲ. ಪಕ್ಕದ ಅಂಗಳದೋರೂ ಹೀಗೇ ಮಾಡ್ತಿದ್ರು.”

ಅವಳು ಬಟ್ಟೆಯನ್ನು ಮಡಚಿ ಮೆಟ್ಟಿಲ ಮೇಲಿಟ್ಟಳು. ಅವನು ಆ ಬೆಸುಗೆಯ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದ. ಬರಹಗಾರನಿಗೆ ತನ್ನ ಅಕ್ಷರ ಗೊತ್ತಾಗುವ ಹಾಗೆ ಬೆಸುಗೆಯವನಿಗೆ ತನ್ನ ಕೈ ಗೊತ್ತಾಗುತ್ತದೆ ಎಂದು ಅವನು ಯಾವಾಗಲೂ ಹೇಳುತ್ತಿದ್ದ. ಅದು ನಿಂತು, ಉಸಿರು ಬಿಗಿಹಿಡಿದು ಮಾಡಿದ ಬೆಸುಗೆಯ ಮಾತು. ಓಡುತ್ತಾ ಇಟ್ಟ ಚುಕ್ಕೆಗೆ ಯಾರ ಕೈಯೂ ಇರುವುದಿಲ್ಲ.

ಪ್ರತಿ ವರ್ಷ ಈ ಗಾಡಿಯನ್ನು ತಪಾಸಣೆಗೆ ಒಯ್ದಿದ್ದ. ಲೈಟ್ ಹಾಕು ಎಂದರು, ಹಾಕಿದ. ಹಾರ್ನ್ ಹೊಡಿ ಎಂದರು, ಹೊಡೆದ. ಬೆಂಕಿ ಆರಿಸುವ ಡಬ್ಬಿ ಇದೆಯಾ ಎಂದರು, ತೋರಿಸಿದ. ಗಾಜಿಗೆ ಚೀಟಿ ಅಂಟಿಸಿ ಕಳಿಸಿದರು. ಆ ಚೀಟಿಗಳು ಐದು ಬಣ್ಣದಲ್ಲಿ ಇನ್ನೂ ಅಲ್ಲೇ ಸಾಲಾಗಿವೆ. ಡ್ಯಾಶ್‌ಬೋರ್ಡಿನ ಒಳಗೆ ಇಣುಕುವುದು ಸರ್ಕಾರದ ಪದ್ಧತಿಯಲ್ಲಿಲ್ಲ.

ಸೋಮವಾರ ಇಲಾರಿಯೋನ್ ನಡೆದುಕೊಂಡೇ ತನ್ನ ಮಾರ್ಗದ ಮಿನಿಬಸ್ಸಿನವರ ಸಂಘದ ಶೆಡ್ಡಿಗೆ ಹೋದ. ಸಂಘದ ಕಾರ್ಯದರ್ಶಿ ನಿಕಾನೋರ್ ತಾರ್ಕಿ ಅವನ ದೊಡ್ಡ ಮಗಳಿಗೆ ಚರ್ಚಿನ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ‘ಕೊಂಪಾದ್ರೆ’ ಎಂದೇ ಕರೆಯುತ್ತಾರೆ, ಬಹುವಚನದಲ್ಲೇ ಮಾತಾಡುತ್ತಾರೆ. ನಿಕಾನೋರ್ ಬಿಸಿ ಜೋಳದ ಗಂಜಿಗೆ ರೊಟ್ಟಿ ಅದ್ದುತ್ತಾ ಕೂತಿದ್ದ. ಇಲಾರಿಯೋನ್ ನಿಂತೇ ಎಲ್ಲ ಹೇಳಿದ. ಬಟ್ಟೆಯನ್ನೂ ತೋರಿಸಿದ.

“ಊಟದ ಮೇಜಿನ ಮೇಲಿಂದ ತೆಗೀರಿ ಅದನ್ನ,” ಎಂದ ನಿಕಾನೋರ್. “ಸರಿ. ನಿಮ್ಮ ಗಾಡಿ ಹೀಗಾಯ್ತು. ಪಾಪ. ಬೆಸುಗೆ ಹಾಕ್ಕೊಳಿ. ನಿಮಗಿಂತ ಬೇಕಾ ಬೆಸುಗೆಯೋನು?”

“ನನ್ನದೊಂದೇ ಅಲ್ಲ ಕೊಂಪಾದ್ರೆ. ನಮ್ಮ ಮಾರ್ಗದಲ್ಲಿ ತಿರುಗಿಸದ ಗಾಡಿ ಎಷ್ಟಿವೆ?”

“ಒಂದೂ ಇಲ್ಲ.”

“ಅದಕ್ಕೇ. ಎಲ್ಲಾನೂ ಬಿಚ್ಚಿ ನೋಡ್ಬೇಕು. ದಿನಕ್ಕೆ ಎರಡೆರಡು. ನಾನೇ ಬಿಚ್ತೀನಿ, ಕೂಲಿ ಬೇಡ.”

ನಿಕಾನೋರ್ ರೊಟ್ಟಿ ಕೆಳಗಿಟ್ಟ. “ನನ್ನ ಗಾಡಿ ತಿರುಗಿಸಿದ್ದು ಯಾರು?”

“ನಾನು.”

“ಹೇಗ್ ಮಾಡಿದ್ರಿ?”

“ಕೊಂಪಾದ್ರೆ ಗಾಡಿ ಅಂತ... ಚೆನ್ನಾಗೇ ಮಾಡಿರ್ತೀನಿ.”

“ಮಾಡಿರ್ತೀನಿ ಅಂದ್ರೇನು? ಮಾಡಿದ್ರೋ ಇಲ್ವೋ?”

ಇಲಾರಿಯೋನ್ ನೆನಪಿಸಿಕೊಳ್ಳಲು ನೋಡಿದ. ನಿಕಾನೋರ್ ಆವತ್ತು ಅಂಗಳಕ್ಕೆ ಬಂದದ್ದು ನೆನಪಿತ್ತು. ಮೇಲ್ವಿಚಾರಕ ಕೂಗಾಡಿದ್ದು, ಇಬ್ಬರೂ ಆಮೇಲೆ ಕುಡಿದದ್ದು, ನಿಕಾನೋರ್ ಅತ್ತದ್ದು ಕೂಡ ನೆನಪಿತ್ತು. ಕೊಳವೆ ನೆನಪಿರಲಿಲ್ಲ.

“ನೆನಪಿಲ್ಲ ಕೊಂಪಾದ್ರೆ. ಅರ್ಧ ದಿನ ಕೊಡಿ. ಬಿಚ್ಚಿ ನೋಡೋಣ.”

“ಬಿಚ್ಚಿದ್ರೆ ಗೊತ್ತಾಗುತ್ತೆ,” ಎಂದ ನಿಕಾನೋರ್. “ಗೊತ್ತಾದ್ಮೇಲೆ ಓಡಿಸೋಕಾಗುತ್ತಾ? ಈಗ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬೆಳಿಗ್ಗೆ ಎದ್ದು ಶಿಲುಬೆ ಗುರುತು ಹಾಕ್ಕೊಂಡು ಹೊರಡ್ತೀನಿ. ಇನ್ನೂರು ಗಾಡಿ ನಿಲ್ಸಿದ್ರೆ ಈ ಜನ ಏನ್ ಮಾಡ್ಬೇಕು, ಹಾರ್ಕೊಂಡು ಹೋಗ್ಬೇಕಾ ಕೆಳಗೆ?”

“ಬೀಳೋದಕ್ಕಿಂತ ವಾಸಿ.”

“ಹನ್ನೊಂದು ವರ್ಷ ಅದೇ ಕೆಲಸ ಮಾಡಿ ತಿಂದೋರು ನೀವು. ಆಗ ಯಾರ ಶೆಡ್ಡಿಗೂ ಹೋಗಿ ಹೇಳ್ಲಿಲ್ಲ. ಈಗ ನಿಮ್ಮ ಕನ್ನಡಿ ನಡುಗ್ತು ಅಂತ ನಮ್ಮೆಲ್ರ ನಿದ್ದೆ ಕೆಡಿಸೋಕೆ ಬಂದಿದೀರ.” ಆಮೇಲೆ ದನಿ ಇಳಿಸಿ, “ಈ ಬಟ್ಟೆ ಯಾರಿಗೂ ತೋರಿಸ್ಬೇಡಿ. ಪ್ರಯಾಣಿಕರ ಕಿವಿಗೆ ಬಿದ್ರೆ ಸಂಘ ನಿಮ್ಮನ್ನ ಮಾರ್ಗದಿಂದ ತೆಗೆಯುತ್ತೆ. ನಾನು ಬೇಡ ಅನ್ನೋಕಾಗಲ್ಲ. ಕೂತ್ಕೊಳ್ಳಿ, ಗಂಜಿ ಕುಡೀರಿ.”

ಇಲಾರಿಯೋನ್ ಕೂತ. ಗಂಜಿಯನ್ನೂ ಕುಡಿದ. ಅದನ್ನು ಅವನು ಆಮೇಲೆ ಬಾಸಿಲಿಯಾಗೆ ಹೇಳಲಿಲ್ಲ.

ಮಂಗಳವಾರ, ಬುಧವಾರ, ಗುರುವಾರ ಅವನು ಬೆಸುಗೆ ಹಾಕಿದ. ಯಂತ್ರವನ್ನು ಒಬ್ಬ ಕಿಟಕಿ ಸರಳಿನ ಕೆಲಸಗಾರನಿಂದ ಎರವಲು ತಂದಿದ್ದ. ಯಾರೂ ಹಿಂದೆ ನಿಂತು ಅವಸರ ಮಾಡಲಿಲ್ಲ. ಉಜ್ಜಿ, ಒರೆಸಿ, ಉಸಿರು ಬಿಗಿಹಿಡಿದು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮಾಡದಷ್ಟು ಚಂದವಾಗಿ ಬೆಸುಗೆಯ ಗೆರೆ ಎಳೆದ. ತಣ್ಣಗಾದ ಮೇಲೆ ಸುತ್ತಿಗೆಯಿಂದ ತಟ್ಟಿದ. ಗೆರೆ ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದ ಕಬ್ಬಿಣ ಹಪ್ಪಳದಂತೆ ಬಿರಿಯಿತು. ಇಷ್ಟು ವರ್ಷ ಬಟ್ಟೆ ನೀರು ಹೀರಿ ಹೀರಿ ಕೊಳವೆಯನ್ನು ಒಳಗಿನಿಂದ ತಿಂದಿತ್ತು. ಅವನು ತಗಡು ಕತ್ತರಿಸಿ ಸುತ್ತಿದ. ತಗಡಿನ ಆಚೆಗೂ ತುಕ್ಕು. ಇನ್ನೂ ಉದ್ದದ ತಗಡು ಸುತ್ತಿದ. ಇಡೀ ಕೊಳವೆ ಬದಲಿಸಬೇಕು, ಅದೂ ಎಡಗಡೆ ಸ್ಟೀರಿಂಗಿಗೆಂದೇ ಹುಟ್ಟಿದ ಗಾಡಿಯದ್ದು. ಅಂಥ ಗಾಡಿಯೇ ಈ ಊರಿಗೆ ಬಂದದ್ದಿಲ್ಲ. ಸಂತೆಯಲ್ಲಿ ಸಿಗುವ ಕೊಳವೆಗಳೆಲ್ಲ ಒಮ್ಮೆ ಕತ್ತರಿಸಿ ಬೆಸೆದಂಥವೇ, ಕಪ್ಪು ಬಣ್ಣ ಹೊಡೆದು ಹೊಳೆಯುವಂಥವೇ.

ಗುರುವಾರ ಸಂಜೆ ಇಂಜಿನ್ ಶುರುಮಾಡಿ ನೋಡಿದ. ಕಂಬದ ನಡುಕ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಅರ್ಧ ಉಳಿದಿತ್ತು.

“ಎಷ್ಟು ದಿನ ತಡೆಯುತ್ತೆ?” ಎಂದಳು ಬಾಸಿಲಿಯಾ.

“ಆರು ತಿಂಗಳು.”

“ಹೇಗ್ ಗೊತ್ತು?”

“ಗೊತ್ತಿಲ್ಲ. ನೀನು ಕೇಳ್ದೆ, ಹೇಳ್ದೆ.”

ಅವಳು ಅವನ ಮುಖ ನೋಡಿದಳು. ಗಾಡಿ ನಿಂತರೆ ಅವರಿಬ್ಬರಿಗೆ ಬೇರೆ ಏನೂ ಇಲ್ಲ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. “ನಾನು ಬಾಗಿಲ ಹತ್ರಾನೇ ಕೂತಿರ್ತೀನಿ,” ಎಂದಳು ಕೊನೆಗೆ. “ಏನೇ ಆದ್ರೂ ಗಾಡಿ ಹತ್ತಿದೋರಿಗಿಂತ ಮೊದ್ಲು ನಾನೇ.”

“ಅದ್ರಿಂದ ಅವರಿಗೇನು ಬಂತು?”

“ಏನೂ ಇಲ್ಲ.”

ಅವಳು ಒಳಗೆ ಹೋದಳು. ಅಡುಗೆ ಒಲೆಯ ಪಕ್ಕ ಬಿಸಿ ಪಾತ್ರೆ ಇಳಿಸುವ ಜಾಗದಿಂದ ಏನನ್ನೋ ತಂದು ಅವನ ಕೈಗಿಟ್ಟಳು. ಮೂರು ಪದರದ ಆ ಟೈರಿನ ತುಂಡು. ಅವನು ಎಸೆದ ದಿನವೇ ತೊಳೆದು ಇಟ್ಟುಕೊಂಡಿದ್ದಳು. ಮೇಲೆ ಪಾತ್ರೆಯ ಬಳೆಯಂಥ ಸುಟ್ಟ ಗುರುತು ಬಿದ್ದಿತ್ತು.

ಇಲಾರಿಯೋನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಚುಗಳನ್ನು ಎಷ್ಟು ನೀಟಾಗಿ ಕೊಯ್ದಿದ್ದರು, ತಂತಿಯ ಗಂಟನ್ನು ಎಷ್ಟು ಎಚ್ಚರದಿಂದ ಒಳಗೆ ಮಡಚಿದ್ದರು ಎಂಬುದು ಈಗ ಕಂಡಿತು. ಇದನ್ನು ಮಾಡಿದವನು ದರಿದ್ರ ಕೆಲಸಗಾರನಲ್ಲ. ಗಾಡಿ ಮಾರುವ ದಿನ ಹಳೇ ಯಜಮಾನ ಕಣ್ಣು ತಪ್ಪಿಸಿ ಕೈ ಕುಲುಕಿದ್ದ. ಒಳ್ಳೆ ಗಾಡಿ, ಜೋಪಾನ ಎಂದಿದ್ದ. ಅವನಿಗೂ ಕನ್ನಡಿ ನಡುಗಿತ್ತು. ಅವನೂ ಅಂಗೈಯಿಟ್ಟು ಹುಡುಕಿಕೊಂಡು ಒಳಗೆ ಹೋಗಿದ್ದ. ಅವನಿಗೂ ಗೊತ್ತಾಗಿತ್ತು.

ಇಲಾರಿಯೋನ್ ಬೋಲ್ಟು ಸಡಿಲಿಸಿ, ರಬ್ಬರನ್ನು ಕನ್ನಡಿಯ ಬುಡಕ್ಕೆ ಕೊಟ್ಟು ಬಿಗಿದ. ಮಾಡಿಸಿದ ಹಾಗೆ ಕೂತಿತು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಗಾಡಿ ಸೇಹಾ ಚೌಕಕ್ಕೆ ಬಂತು. ಬಾಸಿಲಿಯಾ ತಗಡಿನ ದನಿಯಲ್ಲಿ ಕೂಗಿದಳು. ಜನ ಹತ್ತಿದರು. ಈರುಳ್ಳಿಯವಳೂ ಹತ್ತಿದಳು. “ಕನ್ನಡಿ ಸರಿಮಾಡ್ಕೊಂಡ್ಯಾ ಮೇಸ್ತ್ರಿ? ಮೊನ್ನೆ ನನ್ನ ಜೀವ ಬಾಯಿಗೆ ಬಂದಿತ್ತು,” ಎಂದಳು.

“ಸರಿಹೋಯ್ತು,” ಎಂದ ಇಲಾರಿಯೋನ್.

“ಒಳ್ಳೇದಾಯ್ತು. ಇನ್ಮೇಲೆ ನಿರಾಳ ನೋಡು,” ಎಂದು ಅವಳು ಮೂಟೆ ಕಾಲ ಕೆಳಗೆ ಒತ್ತಿಕೊಂಡು ಕೂತಳು.

ಇಳಿಜಾರು ಶುರುವಾಯಿತು. ಎರಡನೇ ಗೇರು. ಇಲಾರಿಯೋನ್ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ಕನ್ನಡಿ ನೋಡಿದ. ಗಾಜು ಕೆರೆಯ ನೀರಿನಂತೆ ನಿಂತಿತ್ತು. ಹಿಂದಿನ ರಸ್ತೆ, ತಡೆಗೋಡೆ, ಅದರಾಚೆಯ ಹಿಮದ ಬೆಟ್ಟ, ಎಲ್ಲ ಒಂದೊಂದೇ, ತಮ್ಮ ತಮ್ಮ ಜಾಗದಲ್ಲಿ.

ಅವನ ಬೆನ್ನಿಗೇ ನಿಕಾನೋರನ ಮಿನಿಬಸ್ಸು ಬರುತ್ತಿತ್ತು. ಮುಂದಿನ ಸೀಟಿನಲ್ಲಿ ಬಿಳಿ ನಿಲುವಂಗಿಯ ಶಾಲೆಯ ಹುಡುಗಿಯರಿಬ್ಬರು ಒಂದೇ ರೊಟ್ಟಿ ಮುರಿದು ತಿನ್ನುತ್ತಿದ್ದರು. ಅದರ ಎಡಗನ್ನಡಿಗೆ ಕಾರ್ನಿವಲ್ ಹಬ್ಬದ ಬಣ್ಣದ ಕಾಗದ ಇನ್ನೂ ಕಟ್ಟಿತ್ತು. ಆ ಕಾಗದ ನಡುಗುತ್ತಿತ್ತು. ಗಾಳಿಗೆ ಆಡುವಂತಲ್ಲ, ಬುಡದಿಂದ.

ಇಲಾರಿಯೋನ್ ಅದರ ಹಿಂದಿನ ಗಾಡಿಯನ್ನು ನೋಡಿದ. ಅದರ ಹಿಂದಿನದನ್ನೂ ನೋಡಿದ.

ನಿಕಾನೋರ್ ಅವನನ್ನು ಗುರುತಿಸಿ, ಕೈಯೆತ್ತಿ, ಎರಡು ಸಲ ಹಾರ್ನ್ ಹೊಡೆದ. ಇಲಾರಿಯೋನ್ ಒಂದು ಸಲ ಹೊಡೆದು ತಿರುವಿಗೆ ಸ್ಟೀರಿಂಗ್ ಎಳೆದ.